ಮೊದಲ ವರ್ಷದ ಡಿಸೈನ್ ಮಕ್ಕಳಿಗೆ ಯಾವ ರೆಂಡರಿಂಗ್ ಸಾಫ್ಟ್‌ವೇರ್? ನಮ್ಮ ಲ್ಯಾಬಿನ ಒಂದು ವರ್ಷ

ನಮ್ಮ ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ಎಲ್ಲದರಲ್ಲೂ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಒಂದರಲ್ಲೂ ಇಲ್ಲ. ಮಕ್ಕಳು 24. ಧಾರವಾಡದಲ್ಲಿ ನಾನು ಪಾಠ ಮಾಡುವುದು ಇಂಟೀರಿಯರ್ ಡಿಸೈನ್ ಡಿಪ್ಲೊಮಾದ ಮೊದಲ ವರ್ಷಕ್ಕೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹಾನಗಲ್, ನವಲಗುಂದ, ಗದಗ, ರಾಣೆಬೆನ್ನೂರು ಕಡೆಯವರು. ಓದಿದ್ದು ಕನ್ನಡ ಮಾಧ್ಯಮ. ಕೆಲವರು ಮೌಸ್ ಹಿಡಿದದ್ದೇ ಇಲ್ಲಿ ಬಂದ ಮೇಲೆ. ಆದರೆ ಮನೆ ಎಂದರೇನು ಎಂದು ಇವರಿಗೆ ಚೆನ್ನಾಗಿ ಗೊತ್ತು. ಒಬ್ಬ ಹುಡುಗನ ಅಪ್ಪ ಬಡಿಗರು, ಇನ್ನೊಬ್ಬಳ ಮಾವ ನೆಲಕ್ಕೆ ಫರ್ಸಿ ಕಲ್ಲು ಹಾಕುವವರು.

ಇವರಿಗೆ ರೆಂಡರಿಂಗ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಕೋಣೆಯನ್ನು ಬೆಳಕು ನೆರಳಿನೊಂದಿಗೆ ಫೋಟೊದಂಥ ಚಿತ್ರ ಮಾಡುವುದನ್ನು, ಕಲಿಸಲು ಯಾವ ಸಾಫ್ಟ್‌ವೇರ್ ಬೇಕು ಎಂದು ಕಳೆದ ವರ್ಷ ಕಾಲೇಜಿನವರು ನನ್ನನ್ನೇ ಕೇಳಿದರು. ನಾನು ಹತ್ತು ವರ್ಷ ಹುಬ್ಬಳ್ಳಿಯಲ್ಲಿ ಸೈಟ್ ಕೆಲಸ ಮಾಡಿದವಳು. ಗಿರಾಕಿಗೆ ಚಂದದ ಚಿತ್ರ ತೋರಿಸಿ ಕೆಲಸ ಹಿಡಿಯುವುದು ನನಗೆ ಗೊತ್ತು. ಕಲಿಸುವುದಕ್ಕೆ ಬೇಕಾದ ಸಾಫ್ಟ್‌ವೇರ್ ಮಾತ್ರ ಅದಲ್ಲ, ಬೇರೆಯೇ. ಅದು ಅರ್ಥವಾಗಲು ನನಗೆ ಒಂದು ಇಡೀ ಸೆಮಿಸ್ಟರ್ ಬೇಕಾಯಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಆರಿಸಿದ್ದು ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್. ಇದು ಸುಲಭ ಎಂದು ಆರಿಸಿದ್ದಲ್ಲ. ಮೊದಲ ಎರಡು ವಾರ ಇದು ಕಷ್ಟವೇ.

ಅದಕ್ಕೂ ಹಿಂದಿನ ವರ್ಷ ನಡೆದದ್ದನ್ನು ಹೇಳಿದರೆ ಕಾರಣ ತಿಳಿಯುತ್ತದೆ. ಆಗ ನಾವು ದುಡ್ಡು ಕೊಟ್ಟು ತಂದ ಒಂದು ಸಾಫ್ಟ್‌ವೇರ್ ಬಳಸುತ್ತಿದ್ದೆವು. ಸಬ್ಮಿಶನ್‌ಗೆ ಒಂದು ವಾರ ಇರುವಾಗ ಅದರ ಲೈಸೆನ್ಸ್ ಮುಗಿಯಿತು. ಮಕ್ಕಳ ಫೈಲ್ ಒಂದೂ ತೆರೆಯಲಿಲ್ಲ. ಮೂರು ತಿಂಗಳ ಕೆಲಸ ಕಣ್ಣೆದುರಿಗೇ ಇದೆ, ಮುಟ್ಟುವ ಹಾಗಿಲ್ಲ. ಯಾರೋ ಒಬ್ಬ ಹುಡುಗ ಪೆನ್‌ಡ್ರೈವ್‌ನಲ್ಲಿ ಕ್ರ್ಯಾಕ್ ತಂದ. ಅದರ ಜೊತೆ ವೈರಸ್ಸೂ ಬಂತು. ಆರು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಾಯಿತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೆಲಸ ಕಲಿಯಲು ಬಂದ ಮಗುವಿಗೆ ಕಳ್ಳ ಸಾಫ್ಟ್‌ವೇರ್ ಬಿಟ್ಟು ಬೇರೆ ದಾರಿ ಇಲ್ಲದ ಹಾಗೆ ಮಾಡಿದ್ದೆವಲ್ಲ, ಆ ಬೇಸರ ಈಗಲೂ ಇದೆ. ಅವತ್ತೇ ಒಂದು ನಿಯಮ ಬರೆದುಕೊಂಡೆ: ಲ್ಯಾಬಿನಲ್ಲಿ ಕಲಿತದ್ದನ್ನು ಮನೆಗೆ ಒಯ್ಯುವ ಹಾಗಿರಬೇಕು, ಕೋರ್ಸ್ ಮುಗಿದ ಮೇಲೂ ಅದು ಕೈಯಲ್ಲೇ ಉಳಿಯಬೇಕು.

ಪರೀಕ್ಷೆಗೆ ಒಂದೇ ಕೋಣೆ ಇಟ್ಟುಕೊಂಡೆ. 10 ಅಡಿ ಅಗಲ, 12 ಅಡಿ ಉದ್ದ. ಒಂದು ಕಿಟಕಿ, ಒಂದು ಮರದ ಕಪಾಟು, ಮೂಲೆಯಲ್ಲಿ ಸಣ್ಣ ಮೇಜು, ಮೇಜಿನ ಮೇಲೆ ಸ್ಟೀಲ್ ಚೊಂಬು. ಯಾವ ಸಾಫ್ಟ್‌ವೇರ್ ಆದರೂ ಈ ಕೋಣೆಯನ್ನೇ ರೆಂಡರ್ ಮಾಡಬೇಕು.

ಸ್ಕೆಚಪ್ ಎಂಬ 3ಡಿ ಮಾದರಿ ಕಟ್ಟುವ ಸಾಫ್ಟ್‌ವೇರಿನಿಂದ ಶುರು ಮಾಡಿದೆವು. ಗೋಡೆ ಎಬ್ಬಿಸುವುದನ್ನು ಕಲಿಸಲು ಇಷ್ಟು ಸುಲಭದ್ದು ನಾನು ಬೇರೆ ನೋಡಿಲ್ಲ. ಚೌಕ ಬರೆ, ಮೇಲಕ್ಕೆ ಎಳೆ, ಗೋಡೆ ಆಯಿತು. ಮೊದಲ ದಿನವೇ ಎಲ್ಲರ ಕೋಣೆ ನಿಂತಿತು, ಮಕ್ಕಳ ಮುಖದಲ್ಲಿ ಕಳೆ ಬಂತು. ಬ್ರೌಸರಿನಲ್ಲೇ ಓಡುವ ಉಚಿತ ಆವೃತ್ತಿ ಸಾಕು. ಆದರೆ ಇದು ಕೊಡುವುದು ಗೆರೆ ಬರೆದು ಬಣ್ಣ ತುಂಬಿದ ಚಿತ್ರ. ಗೋಡೆಗೆ ಬಡಿದು ಚಾವಣಿಗೆ ಏರುವ ಬೆಳಕು ಇದರಲ್ಲಿ ಇಲ್ಲ. ಅದಕ್ಕೆ ರೆಂಡರರ್, ಅಂದರೆ ಬೆಳಕಿನ ಲೆಕ್ಕ ಹಾಕಿ ಚಿತ್ರ ಮಾಡುವ ಸೇರ್ಪಡೆ ಬೇಕು; ವಿ-ರೇ ಅಥವಾ ಎನ್‌ಸ್ಕೇಪ್ ಸೇರಿಸಬೇಕು. ಉಚಿತ ಆವೃತ್ತಿಗೆ ಅಂಥ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ. ಕಾಸು ಕೊಟ್ಟು ಮೂಲ ಸಾಫ್ಟ್‌ವೇರ್ ತಗೋಬೇಕು, ಅದರ ಮೇಲೆ ರೆಂಡರರ್‌ಗೆ ಇನ್ನೊಮ್ಮೆ ಕಾಸು. ಎನ್‌ಸ್ಕೇಪಿಗಾದರೆ ಗ್ರಾಫಿಕ್ಸ್ ಕಾರ್ಡೂ ಬೇಕು. ಎರಡೂ ಒಳ್ಳೆಯವೇ. ಆಫೀಸಿನಲ್ಲಿ ನಾನೇ ವಿ-ರೇ ವರ್ಷಗಟ್ಟಲೆ ಬಳಸಿದ್ದೇನೆ. ನಮ್ಮ ಲ್ಯಾಬಿಗೆ ಮಾತ್ರ ಹೊಂದುವುದಿಲ್ಲ.

ಕೀಶಾಟ್ ಬಗ್ಗೆ ಎರಡೇ ಮಾತು. ಮಿಕ್ಸರು, ಬಾಟಲಿ, ಕುರ್ಚಿ ಇಂಥ ಪ್ರಾಡಕ್ಟ್ ಡಿಸೈನ್ ಕಲಿಸುವವರು ಅದನ್ನು ನೋಡಲೇಬೇಕು. ಮೆಟೀರಿಯಲ್ ಎಳೆದು ಮೇಲೆ ಬಿಟ್ಟರೆ ಆಯಿತು, ಪ್ರೊಸೆಸರ್ ಒಂದರಿಂದಲೇ ಕೆಲಸ ಮಾಡುತ್ತದೆ. ಕೋಣೆ ಕಲಿಸುವ ನಮಗೆ ಅದು ಬೇಕಾಗಲಿಲ್ಲ.

ಟ್ವಿನ್‌ಮೋಶನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಏಕೆಂದರೆ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. 2019ರಲ್ಲಿ ಎಪಿಕ್ ಗೇಮ್ಸ್ ಎಂಬ ಗೇಮ್ ಕಂಪನಿ ಅದನ್ನು ಕೊಂಡಿತು. ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಉಚಿತ. ಸ್ಟಾಫ್ ರೂಮಿನಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಒಂದೇ ಒಂದು ಕಂಪ್ಯೂಟರ್ ಇದೆ. ಇಬ್ಬಿಬ್ಬರಾಗಿ ಸರದಿ ಹಚ್ಚಿ ಕೂರಿಸಿದೆ. ಪರದೆಯ ಮೇಲಿನ ಒಂದು ಪಟ್ಟಿ ಎಳೆದರೆ ಸೂರ್ಯ ಏರುತ್ತಾನೆ, ಇಳಿಯುತ್ತಾನೆ. ಇನ್ನೊಂದು ಎಳೆದರೆ ಮಳೆ. ಮರ ನೆಟ್ಟರೆ ಎಲೆ ಅಲ್ಲಾಡುತ್ತದೆ. ಹತ್ತು ನಿಮಿಷದಲ್ಲಿ ಕೋಣೆ ಪತ್ರಿಕೆಯ ಮುಖಪುಟದ ಹಾಗೆ ಹೊಳೆಯತೊಡಗಿತು. ಲ್ಯೂಮಿಯನ್ ಕೂಡ ಇದೇ ಜಾತಿಯದು, ಅದಕ್ಕೂ ಗಟ್ಟಿ ಕಾರ್ಡ್ ಬೇಕು, ಓಡುವುದು ವಿಂಡೋಸಿನಲ್ಲಿ ಮಾತ್ರ.

ಸರದಿ ಮುಗಿದ ಮೇಲೆ ಎಲ್ಲರ ಚಿತ್ರಗಳನ್ನು ಗೋಡೆಗೆ ಅಂಟಿಸಿ ನೋಡಿದೆ. 24ರಲ್ಲಿ 19 ಚಿತ್ರಗಳಲ್ಲಿ ಸಂಜೆಯ ಕೇಸರಿ ಬಿಸಿಲು ಕಿಟಕಿಯಿಂದ ಒಳಗೆ ಬಂದಿತ್ತು. ಕಿಟಕಿ ಯಾವ ದಿಕ್ಕಿಗಿದೆ ಎಂದು ಕೇಳಿದೆ. ಯಾರೂ ಉತ್ತರ ಹೇಳಲಿಲ್ಲ. ಯಾರಿಗೂ ಅದನ್ನು ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಚಂದ ಕಾಣುವ ಜಾಗಕ್ಕೆ ಪಟ್ಟಿ ಎಳೆದು ನಿಲ್ಲಿಸಿದ್ದರು, ಅಷ್ಟೇ. ಬೆಳಕು ಎಷ್ಟಿರಬೇಕು, ಎಲ್ಲಿಂದ ಬರಬೇಕು, ಕಣ್ಣು ಅದಕ್ಕೆ ಹೇಗೆ ಹೊಂದಿಕೊಳ್ಳಬೇಕು, ಎಲ್ಲವನ್ನೂ ಯಂತ್ರವೇ ಮೊದಲು ಮಾಡಿಟ್ಟಿತ್ತು. ನಾಳೆ ಡೆಡ್‌ಲೈನ್ ಇರುವ ಆರ್ಕಿಟೆಕ್ಟಿಗೆ ಅದು ದೊಡ್ಡ ಉಪಕಾರ. ಬೆಳಕನ್ನು ಇನ್ನೂ ನೋಡಲು ಕಲಿಯಬೇಕಾದವರಿಗೆ ಅಲ್ಲ.

ಆಮೇಲೆ ಬ್ಲೆಂಡರ್ ತೆರೆದೆವು. ಸ್ಕೆಚಪ್ಪಿನಲ್ಲಿ ಎಬ್ಬಿಸಿದ ಕೋಣೆಯನ್ನು ಎಸ್‌ಟಿಎಲ್ ಫೈಲಾಗಿ ತಂದುಕೊಂಡೆವು. ಅದರಲ್ಲಿ ಆಕಾರ ಮಾತ್ರ ಬರುತ್ತದೆ, ಬಣ್ಣ ಬರುವುದಿಲ್ಲ. ನನಗೆ ಅದು ಒಳ್ಳೆಯದೇ ಆಯಿತು. ಪ್ರತಿ ವಸ್ತುವೂ ಏನು, ಹೇಗೆ ಹೊಳೆಯುತ್ತದೆ ಎಂದು ಮಕ್ಕಳೇ ಮೊದಲಿಂದ ಹೇಳಬೇಕು.

ಚೊಂಬಿನ ದಿನ ನಡೆದದ್ದನ್ನು ನಾನು ಮರೆಯುವುದಿಲ್ಲ. ಹಾನಗಲ್ ಕಡೆಯ ಹುಡುಗ, ಬಡಿಗರ ಮಗ, ಚೊಂಬಿಗೆ ಮೆಟ್ಯಾಲಿಕ್ 1 ಕೊಟ್ಟ, ಅಂದರೆ ಪೂರ್ತಿ ಲೋಹ. ರಫ್‌ನೆಸ್ ಹತ್ತಿರ ಹತ್ತಿರ ಸೊನ್ನೆ, ಅಂದರೆ ಮೇಲ್ಮೈ ಕನ್ನಡಿಯಷ್ಟು ನುಣುಪು. ಚೊಂಬು ಒಂದನ್ನೇ ಖಾಲಿ ಜಾಗದಲ್ಲಿ ಇಟ್ಟು ರೆಂಡರ್ ಒತ್ತಿದ.

‘ಮೇಡಂ, ಚೊಂಬು ಕರ್ರಗ ಆಗೇತ್ರಿ.’

‘ಅದರ ಸುತ್ತ ಏನಿಟ್ಟಿದ್ದಿ?’

‘ಏನೂ ಇಲ್ರಿ.’

‘ಮತ್ತ ಅದರಾಗ ಏನು ಕಾಣಬೇಕು?’

ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ತಾನೇ ಹೋಗಿ ಬಿಳಿ ಗೋಡೆ ಒಂದನ್ನು ಎಬ್ಬಿಸಿ, ಎದುರಿಗೆ ಒಂದು ಏರಿಯಾ ಲೈಟ್ ಇಟ್ಟ. ಚೊಂಬು ಫಳಫಳ ಎಂದಿತು. ಲೋಹಕ್ಕೆ ತನ್ನದು ಅಂತ ಹೆಚ್ಚೇನೂ ಇರುವುದಿಲ್ಲ, ಸುತ್ತ ಇರುವುದನ್ನೇ ತೋರಿಸುತ್ತದೆ ಎಂದು ನಾನು ಬೋರ್ಡಿನಲ್ಲಿ ಬರೆಯಬೇಕಾಗಲಿಲ್ಲ. ಬ್ಲೆಂಡರ್ ತಾನಾಗಿ ಆಕಾಶ ಜೋಡಿಸಿಕೊಟ್ಟಿದ್ದರೆ ಈ ಪಾಠ ತಪ್ಪಿಹೋಗುತ್ತಿತ್ತು.

ರಫ್‌ನೆಸ್ ಕಲಿಸಲು ಒಂದು ಹಳೆಯ ಸ್ಟೀಲ್ ತಟ್ಟೆ ತಂದೆ. ಅರ್ಧ ಭಾಗವನ್ನು ಬಡಿಗರು ಬಳಸುವ ಪಾಲಿಶ್ ಪೇಪರ್‌ನಿಂದ ಚೆನ್ನಾಗಿ ಉಜ್ಜಿಸಿದೆ. ಉಜ್ಜದ ಅರ್ಧದಲ್ಲಿ ಮುಖ ಕಾಣುತ್ತದೆ. ಉಜ್ಜಿದ ಅರ್ಧದಲ್ಲಿ ಬೆಳಕು ಹರಡಿ ಮಬ್ಬಾಗುತ್ತದೆ. ತಟ್ಟೆ ಅದೇ, ಸ್ಟೀಲ್ ಅದೇ. ಬದಲಾದದ್ದು ಮೇಲ್ಮೈ ಮಾತ್ರ. ಬ್ಲೆಂಡರಿನಲ್ಲಿ ರಫ್‌ನೆಸ್ ಅಂಕಿ 0.05ರಿಂದ 0.5ಕ್ಕೆ ಏರಿಸಿದಾಗ ನಡೆಯುವುದೂ ಇದೇ. ಇದಾದ ಮೇಲೆ ಮಕ್ಕಳು ಮನೆಗೆ ಹೋಗಿ ನೆಲ ನೋಡತೊಡಗಿದರು. ಒಬ್ಬಳು ಶಹಾಬಾದ್ ಫರ್ಸಿಯ ಫೋಟೊ ತಂದಳು. ಬಾಗಿಲ ಹತ್ತಿರ, ಜನ ನಡೆಯುವ ಜಾಗದಲ್ಲಿ ಕಲ್ಲು ನುಣುಪಾಗಿದೆ, ಗೋಡೆಯ ಪಕ್ಕ ಒರಟಾಗೇ ಇದೆ. ಅದನ್ನು ಒಂದು ಕಪ್ಪು ಬಿಳುಪು ಚಿತ್ರವಾಗಿ ಮಾಡಿ ರಫ್‌ನೆಸ್‌ಗೆ ಜೋಡಿಸಿದಳು. ಆ ರೆಂಡರಿನಲ್ಲಿ ನೆಲ ನೋಡಿದರೆ ಅಲ್ಲಿ ಯಾರೋ ಬಾಳಿದ್ದಾರೆ ಎಂದು ಗೊತ್ತಾಗುತ್ತಿತ್ತು. ಸಿದ್ಧ ಮೆಟೀರಿಯಲ್ ಪಟ್ಟಿಗಳಲ್ಲಿ ಇಟಲಿಯ ಮಾರ್ಬಲ್ ಬೇಕಾದಷ್ಟು ಇರುತ್ತದೆ. ನಮ್ಮ ಫರ್ಸಿ, ಕಡಪ ಕಲ್ಲು, ಕೆಂಪು ಆಕ್ಸೈಡ್ ನೆಲ ಇರುವುದು ಅಪರೂಪ. ಅವನ್ನು ಮಾಡಿಕೊಳ್ಳಲು ಬರಲೇಬೇಕು. ಫೋಟೊ ತೆಗೆಯುವಾಗ ಒಂದು ಮಾತು ನೆನಪಿರಲಿ: ಮೋಡ ಇರುವ ದಿನ ತೆಗೆಯಿರಿ, ನೆರಳು ಬೀಳಬಾರದು. ಬೇರೆ ಟೆಕ್ಸ್ಚರ್, ಅಂದರೆ ವಸ್ತುವಿನ ಮೇಲೆ ಹೊದಿಸುವ ಚಿತ್ರ, ಬೇಕಾದರೆ ಪಾಲಿ ಹೇವನ್ ಎಂಬ ವೆಬ್‌ಸೈಟಿನಲ್ಲಿವೆ. ಅವುಗಳ ಮೇಲೆ ಯಾರ ಹಕ್ಕಿನ ಕಟ್ಟುಪಾಡೂ ಇಲ್ಲ, ಯಾವ ಕೆಲಸಕ್ಕೂ ಬಳಸಬಹುದು.

ಮುಂದೆ ಸೂರ್ಯ. ಇಂಟರ್‌ನೆಟ್ಟಿನ ಪಾಠಗಳನ್ನು ಮಾಡಿದವರು ಹೆಚ್ಚಾಗಿ ಯೂರೋಪ್, ಅಮೆರಿಕದವರು. ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದಿಲ್ಲ ಎಂದು ಅವರು ಹೇಳುತ್ತಾರೆ. ಲಂಡನ್ನಿನಲ್ಲಿ ಮಧ್ಯಾಹ್ನ 12ಕ್ಕೆ ಸೂರ್ಯ ಯಾವತ್ತೂ ದಕ್ಷಿಣಕ್ಕೇ ಇರುತ್ತಾನೆ. ಧಾರವಾಡ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದ ತನಕ ನಮ್ಮ ನಡು ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಜೂನ್ 21ಕ್ಕೆ ನೆತ್ತಿಯಿಂದ ಸುಮಾರು 8 ಡಿಗ್ರಿ ಉತ್ತರಕ್ಕೆ. ಡಿಸೆಂಬರ್ 21ಕ್ಕೆ ದಕ್ಷಿಣದಲ್ಲಿ, ನೆಲದಿಂದ 51 ಡಿಗ್ರಿ ಎತ್ತರದಲ್ಲಿ. ಬ್ಲೆಂಡರಿಗೆ ಸನ್ ಪೊಸಿಶನ್ ಎಂಬ ಸೇರ್ಪಡೆ ಇದೆ. ಊರಿನ ಅಕ್ಷಾಂಶ, ರೇಖಾಂಶ, ತಾರೀಕು, ಗಂಟೆ ಕೊಟ್ಟರೆ ಸೂರ್ಯನನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನ ಅಂಕಿ ಹಾಕಿದರು, ತಾರೀಕು ಮೇ 15. ಉತ್ತರದ ಕಿಟಕಿಯೊಳಗೆ ಸಂಜೆ ಬಿಸಿಲು ನುಗ್ಗಿತು. ‘ಹೌದ್ರಿ ಮೇಡಂ, ಬ್ಯಾಸಿಗ್ಯಾಗ ನಮ್ಮ ಅಡಗಿಮನಿಗೆ ಹಿಂಗ ಬರತೈತಿ’ ಎಂದಳು ನವಲಗುಂದದ ಹುಡುಗಿ. ಅವತ್ತಿನಿಂದ ಕಿಟಕಿಯ ದಿಕ್ಕು ಹೇಳದೆ ಯಾರೂ ರೆಂಡರ್ ತೋರಿಸಿಲ್ಲ.

ಬಲ್ಬಿನ ಪಾಠವೂ ಹೀಗೇ. ಎಲ್‌ಇಡಿ ಬಲ್ಬಿನ ಖಾಲಿ ಡಬ್ಬಿ ತರಲು ಹೇಳಿದೆ. ಡಬ್ಬಿಯ ಮೇಲೆ 2700, 3000, 4000, 6500 ಕೆಲ್ವಿನ್ ಎಂದು ಬರೆದಿರುತ್ತದೆ. ಬ್ಲ್ಯಾಕ್‌ಬಾಡಿ ಎಂಬ ನೋಡ್‌ಗೆ, ಅಂದರೆ ಬ್ಲೆಂಡರಿನೊಳಗಿನ ಲೆಕ್ಕದ ಪೆಟ್ಟಿಗೆಗೆ, ಆ ಅಂಕಿಯನ್ನೇ ಕೊಟ್ಟರೆ ಬೆಳಕಿನ ಬಣ್ಣ ಬರುತ್ತದೆ. 2700 ಹಳದಿ, 6500 ನಮ್ಮ ಮನೆಗಳ ಟ್ಯೂಬ್‌ಲೈಟ್ ಬಿಳಿ. ಒಂದು ಎಚ್ಚರ: ಡಬ್ಬಿಯ ವ್ಯಾಟ್ ಬೇರೆ, ಬ್ಲೆಂಡರಿನ ವ್ಯಾಟ್ ಬೇರೆ. ಡಬ್ಬಿಯಲ್ಲಿ ಬರೆದಿರುವುದು ಬಲ್ಬು ಎಳೆಯುವ ಕರೆಂಟಿನ ಲೆಕ್ಕ. ಬ್ಲೆಂಡರಿನದು ಹೊರಗೆ ಬರುವ ಬೆಳಕಿನ ಲೆಕ್ಕ. ಇದನ್ನು ಮೊದಲೇ ಹೇಳದಿದ್ದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ.

ಇನ್ನು ಕಾರ್ಡ್ ಇಲ್ಲದ ನಮ್ಮ ಕಂಪ್ಯೂಟರುಗಳಲ್ಲಿ ಇದು ಹೇಗೆ ಓಡಿತು? ಬ್ಲೆಂಡರಿನೊಳಗೆ ಮುಖ್ಯವಾಗಿ ಎರಡು ರೆಂಡರರ್ ಇವೆ. ಈವೀ ಬೇಗ, ಅಂದಾಜಿಗೆ ಸಾಕು. ಸೈಕಲ್ಸ್ ಬೆಳಕಿನ ಕಿರಣಗಳು ಕೋಣೆಯಲ್ಲಿ ಎಲ್ಲೆಲ್ಲಿ ಬಡಿದು ಬರುತ್ತವೆ ಎಂದು ಲೆಕ್ಕ ಹಾಕುತ್ತದೆ, ನಿಧಾನ. ಸೈಕಲ್ಸಿಗೆ ಪ್ರೊಸೆಸರ್ ಒಂದೇ ಸಾಕು, ಕಾರ್ಡ್ ಇದ್ದರೆ ಬೇಗ ಮುಗಿಯುತ್ತದೆ ಅಷ್ಟೇ. ಅದರ ಮೂಲ ಸೆಟ್ಟಿಂಗಿನಲ್ಲಿ ಸ್ಯಾಂಪಲ್, ಅಂದರೆ ಚಿತ್ರದ ಪ್ರತಿ ಚುಕ್ಕೆಗೆ ಎಷ್ಟು ಸಲ ಲೆಕ್ಕ ಹಾಕಬೇಕು ಎಂಬುದು, 4096 ತನಕ ಹೋಗಬಹುದು. ನಮ್ಮ ಲ್ಯಾಬಿನಲ್ಲಿ ಹಾಗೇ ಬಿಟ್ಟರೆ ಒಂದು ಚಿತ್ರಕ್ಕೇ ಪೀರಿಯಡ್ ಮುಗಿದುಹೋಗುತ್ತದೆ. ನಾನು 128 ಮಾಡಿಸುತ್ತೇನೆ, ನಾಯ್ಸ್ ಥ್ರೆಶೋಲ್ಡ್ (ಎಷ್ಟು ಕಾಳು ಉಳಿದರೆ ಲೆಕ್ಕ ನಿಲ್ಲಿಸಬಹುದು ಎಂಬ ಮಿತಿ) 0.1, ಉಳಿದ ಕಾಳು ಒರೆಸುವ ಡಿನಾಯ್ಸರ್ ಆನ್, ಚಿತ್ರ 1280 ಅಡ್ಡ 720 ಉದ್ದ. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ರೆಂಡರಿನ ಮೇಲೆ ರವೆ ಚೆಲ್ಲಿದ ಹಾಗೆ ಕಾಳು ಕಾಳು ಕಾಣುತ್ತದಲ್ಲ, ಅದನ್ನು ಅರ್ಧ ಮಾಡಲು ಸ್ಯಾಂಪಲ್ ನಾಲ್ಕು ಪಟ್ಟು ಬೇಕು. ಈ ಒಂದು ಲೆಕ್ಕ ತಿಳಿದ ಮೇಲೆ ಮಕ್ಕಳು ಸುಮ್ನೆ ಅಂಕಿ ಏರಿಸುವುದನ್ನು ಬಿಟ್ಟು ಕಿಟಕಿ ದೊಡ್ಡದು ಮಾಡಬಹುದೇ, ಗೋಡೆ ತಿಳಿ ಬಣ್ಣದ್ದು ಆಗಬಹುದೇ ಎಂದು ಯೋಚಿಸಿದರು. ಕತ್ತಲೆ ಕೋಣೆಯಲ್ಲಿ ಕಾಳು ಜಾಸ್ತಿ. ನಿಜವಾದ ಮನೆಗೂ ಅದು ಒಳ್ಳೆಯ ಪ್ರಶ್ನೆಯೇ ಅಲ್ವಾ?

ತೊಂದರೆಗಳನ್ನೂ ಹೇಳಬೇಕು. ಬ್ಲೆಂಡರ್ ಕೀಬೋರ್ಡಿನ ಸಾಫ್ಟ್‌ವೇರ್. ಜಿ ಒತ್ತಿದರೆ ಸರಿಯುತ್ತದೆ, ಆರ್ ಒತ್ತಿದರೆ ತಿರುಗುತ್ತದೆ, ಎಸ್ ಒತ್ತಿದರೆ ಹಿಗ್ಗುತ್ತದೆ. ಮೌಸಿನ ಬಾಣ ಪರದೆಯ ಯಾವ ಭಾಗದ ಮೇಲಿದೆಯೋ ಕೀಲಿಯ ಅರ್ಥ ಅದರ ಮೇಲೆ ನಿಂತಿದೆ. ಹೊಸಬರಿಗೆ ಇದು ದೊಡ್ಡ ತಲೆನೋವು. ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಚಾರ್ಟ್ ಬರೆದು ಹಾಕಿದ್ದೇನೆ, ಬರೀ 12 ಕೀಲಿಗಳು. ಮೊದಲ ತಿಂಗಳು ಅದಕ್ಕಿಂತ ಜಾಸ್ತಿ ಬೇಡ. ಲ್ಯಾಪ್‌ಟಾಪಿನಲ್ಲಿ ಬಲಗಡೆಯ ಅಂಕಿ ಕೀಲಿಗಳು ಇಲ್ಲದಿದ್ದರೆ ಪ್ರಿಫರೆನ್ಸಸ್‌ನಲ್ಲಿ ಎಮ್ಯುಲೇಟ್ ನಂಪ್ಯಾಡ್ ಆನ್ ಮಾಡಿ. ಅಳತೆಯನ್ನು ಇಂಪೀರಿಯಲ್‌ಗೆ ಬದಲಿಸಿದರೆ ಅಡಿ, ಇಂಚಿನಲ್ಲೇ ಬರೆಯಬಹುದು. ನಮ್ಮ ಬಡಿಗರ ಲೆಕ್ಕ ಅದೇ ತಾನೆ. ವಸ್ತುವನ್ನು ಒಂದೇ ದಿಕ್ಕಿಗೆ ಹಿಗ್ಗಿಸಿದ ಮೇಲೆ ಸ್ಕೇಲ್ ಅಪ್ಲೈ ಮಾಡದಿದ್ದರೆ, ಅಂದರೆ ಹೊಸ ಅಳತೆಯೇ ಮೂಲ ಅಳತೆ ಎಂದು ಹೇಳದಿದ್ದರೆ, ಅಂಚು ಮೊಂಡು ಮಾಡುವಾಗ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗುತ್ತದೆ. ಟೆಕ್ಸ್ಚರನ್ನು ಫೈಲಿನೊಳಗೆ ಪ್ಯಾಕ್ ಮಾಡದೆ ಬರೀ ಬ್ಲೆಂಡ್ ಫೈಲ್ ಪೆನ್‌ಡ್ರೈವ್‌ನಲ್ಲಿ ಒಯ್ದರೆ ಮನೆಯಲ್ಲಿ ಇಡೀ ಕೋಣೆ ರಾಣಿ ಬಣ್ಣಕ್ಕೆ ತಿರುಗಿರುತ್ತದೆ. ಈ ಒಂದು ವರ್ಷದಲ್ಲೇ ಕನಿಷ್ಠ ಐವರು ಇದರಿಂದ ಗಾಬರಿಯಾಗಿ ರಾತ್ರಿ ಫೋನ್ ಮಾಡಿದ್ದರು.

ಕೆಲಸದ ನಕ್ಷೆಗೆ ಬ್ಲೆಂಡರ್ ಅಲ್ಲ. ಬಡಿಗರ ಕೈಗೆ ಕೊಡುವ, ಅಳತೆ ಬರೆದ ಡ್ರಾಯಿಂಗಿಗೆ ಆಟೊಕ್ಯಾಡ್ ಇರಲಿ. 18 ಎಂಎಂ ಪ್ಲೈ, ಅದರ ಮೇಲೆ ಮೈಕಾ, ಹಿಂಜ್ ಎಲ್ಲಿ ಬರಬೇಕು, ಇದನ್ನೆಲ್ಲ ರೆಂಡರಿನಲ್ಲಿ ತೋರಿಸಲು ಹೋಗಬೇಡಿ.

‘ಫ್ರೀ ಅಂದ್ರ ಡೆಮೊ ಏನ್ರಿ? ಎಷ್ಟು ದಿನಾ ಬರತೈತಿ?’ ಎಂದು ಗದಗಿನ ಹುಡುಗ ಕೇಳಿದ್ದ. ಅವತ್ತು ಪಾಠ ನಿಲ್ಲಿಸಿ ಕಥೆ ಹೇಳಿದೆ. 2002ರಲ್ಲಿ ಇದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿತು. ಹೂಡಿಕೆದಾರರು ಇದನ್ನು ಬಿಟ್ಟುಕೊಡಲು 1 ಲಕ್ಷ ಯೂರೋ ಕೇಳಿದರು. ಇದನ್ನು ಹುಟ್ಟುಹಾಕಿದ ಟಾನ್ ರೂಸೆಂಡಾಲ್ ಬಳಸುವ ಜನರ ಮುಂದೆಯೇ ಕೈ ಚಾಚಿದರು. ಏಳು ವಾರದಲ್ಲಿ ಅಷ್ಟೂ ದುಡ್ಡು ಸೇರಿತು. ಅದೇ ವರ್ಷ ಅಕ್ಟೋಬರ್ 13ಕ್ಕೆ ಸೋರ್ಸ್ ಕೋಡ್ ಎಲ್ಲರದ್ದಾಯಿತು. ಜನ ವರ್ಗಣಿ ಹಾಕಿ ಗುಡಿ ಕಟ್ಟಿದ ಹಾಗೆ ಇದು. ಮುಗಿಯುವ ತಾರೀಕು ಇಲ್ಲ. ಕಾಲೇಜು ಬಿಟ್ಟು ಊರಿಗೆ ಹೋಗಿ ಅಂಗಡಿ ಹಾಕಿದರೂ ಕಾಸು ಕೊಡಬೇಕಿಲ್ಲ, ಯಾರಿಗೂ ಹೆದರಬೇಕಿಲ್ಲ. ಕ್ಲಾಸು ಅವತ್ತು ತುಂಬಾ ಹೊತ್ತು ಶಾಂತವಾಗಿತ್ತು.

ನಿಮ್ಮ ಲ್ಯಾಬಿನಲ್ಲಿ ಒಳ್ಳೆಯ ಕಾರ್ಡ್ ಇರುವ ಕಂಪ್ಯೂಟರ್‌ಗಳಿದ್ದರೆ, ಮಕ್ಕಳು ಕೊನೆಯ ವರ್ಷದವರಾಗಿದ್ದರೆ, ಟ್ವಿನ್‌ಮೋಶನ್ ಖಂಡಿತ ಕಲಿಸಿ. ಕೆಲಸ ಸಿಗಲು ಅದು ಬೇಕು. ನಾವೂ ಮೂರನೇ ವರ್ಷಕ್ಕೆ ಅದನ್ನು ಇಟ್ಟಿದ್ದೇವೆ. ಈಗ ಬ್ಲೆಂಡರ್ ಕಲಿತ ಮೊದಲ ವರ್ಷದ ಮಕ್ಕಳು ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ತೆರೆದರೆ ಸೂರ್ಯನ ಪಟ್ಟಿ ಎಳೆಯುವ ಮೊದಲು ಉತ್ತರ ದಿಕ್ಕನ್ನು ಹುಡುಕುತ್ತಾರೆ.

ಹಾನಗಲ್ಲಿನ ಹುಡುಗ ತನ್ನ ಕೊನೆಯ ರೆಂಡರನ್ನು ಫೋನಿನಲ್ಲಿ ಅಪ್ಪನಿಗೆ ತೋರಿಸಿದನಂತೆ. ಮರದ ಕಪಾಟು, ಮೇ ತಿಂಗಳ ಸಂಜೆ, ಚೊಂಬಿನಲ್ಲಿ ಕಿಟಕಿಯ ಪ್ರತಿಬಿಂಬ. ಅಪ್ಪ ಚಿತ್ರವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿ, ಬಾಗಿಲ ಹಲಗೆಯಲ್ಲಿ ಮರದ ಗೆರೆ ಅಡ್ಡ ಬಂದಿದೆ, ಉದ್ದ ಬರಬೇಕು ಎಂದರಂತೆ. ಮರುದಿನ ಅವನು ಒಂಬತ್ತು ಗಂಟೆಗೇ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ. ಟೆಕ್ಸ್ಚರನ್ನು 90 ಡಿಗ್ರಿ ತಿರುಗಿಸಿ ಮತ್ತೆ ರೆಂಡರ್‌ಗೆ ಇಟ್ಟ.